ಹೆಬ್ಬೆರಳಿನ ಶಸ್ತ್ರಚಿಕಿತ್ಸೆಯ ನಂತರ ಗ್ರಾಮದ ಹೊಣೆ



ಹೆಬ್ಬೆರಳು ಉಳಿದ ಬೆರಳುಗಳಿಗೆ ಎದುರಾಗಿ ನಿಂತಾಗಲೇ ಕುಡುಗೋಲು ಹಿಡಿತಕ್ಕೆ ಬರುತ್ತದೆ, ತುತ್ತು ಬಾಯಿಗೆ ಸೇರುತ್ತದೆ. ಕುಷ್ಠರೋಗದಿಂದ ಮಣಿಕಟ್ಟಿನ ಬಳಿಯ ನರವು ಹಾನಿಗೊಂಡವರಲ್ಲಿ ಈ ಸಾಮರ್ಥ್ಯ ನಷ್ಟವಾಗುತ್ತದೆ. ಔಷಧವು ರೋಗವನ್ನು ಗುಣಪಡಿಸುತ್ತದೆ. ಬಹುಕಾಲದ ಹಿಂದೆ ನಿಷ್ಕ್ರಿಯವಾದ ನರವನ್ನು ಮರಳಿ ತಾರದು.

ಇಂತಹವರಿಗೆ ಸ್ನಾಯುರಜ್ಜು ವರ್ಗಾವಣೆಯ ಶಸ್ತ್ರಚಿಕಿತ್ಸೆಯುಂಟು. ಉಂಗುರದ ಬೆರಳನ್ನು ಮಡಚುವ ರಜ್ಜುಗಳು ಎರಡು. ಅವುಗಳಲ್ಲಿ ಒಂದನ್ನು ಬಿಡಿಸಿ, ಅಂಗೈಯ ಮೂಲಕ ಹಾಯಿಸಿ, ಹೆಬ್ಬೆರಳಿಗೆ ಜೋಡಿಸುತ್ತಾರೆ. ಎರಡು ಕಾಲುವೆಗಳಿರುವ ಹೊಲದಿಂದ ಒಂದನ್ನು ಒಣಗಿದ ಹೊಲಕ್ಕೆ ತಿರುಗಿಸಿದಂತೆ ಇದು.

ಆದರೆ ಕಾಲುವೆ ತಿರುಗಿಸಿದ ಮಾತ್ರಕ್ಕೆ ಬೆಳೆ ಬಾರದು. ಸುಮಾರು ಮೂರು ನಾಲ್ಕು ವಾರಗಳ ನಂತರ ಪ್ಲಾಸ್ಟರ್ ತೆಗೆದಾಗ ಹೆಬ್ಬೆರಳು ತಾನಾಗಿ ಚಲಿಸದು. ಉಂಗುರದ ಬೆರಳನ್ನು ಮಡಚುವಂತೆ ಫಿಸಿಯೋಥೆರಪಿಸ್ಟ್ ಹೇಳುತ್ತಾರೆ. ರೋಗಿ ಯತ್ನಿಸಿದಾಗ ಹೆಬ್ಬೆರಳು ಏಳುತ್ತದೆ. ಪ್ರತಿದಿನದ ಅಭ್ಯಾಸದಿಂದ ಮಿದುಳು ಹೊಸ ಮಾರ್ಗವನ್ನು ಕಲಿಯುತ್ತದೆ. ಮೊದಲು ಹಗುರ ವಸ್ತು, ಕೆಲವು ತಿಂಗಳ ಬಳಿಕ ಭಾರದ ಕೆಲಸ: ಈ ಕ್ರಮ ತಪ್ಪಿದರೆ ಜೋಡಣೆ ಸಡಿಲಗೊಳ್ಳಬಹುದು. ಚಲನೆ ಮರಳಿದರೂ ಸ್ಪರ್ಶಜ್ಞಾನ ಮರಳುವುದಿಲ್ಲ. ಆದ್ದರಿಂದ ಬಿಸಿ ಪಾತ್ರೆ, ಒರಟು ಹಿಡಿಕೆಗಳಿಗೆ ಬಟ್ಟೆ ಸುತ್ತಬೇಕು. ಸಂಜೆ ಅಂಗೈಯನ್ನು ಕಣ್ಣಿನಿಂದ ಪರೀಕ್ಷಿಸಬೇಕು.

1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಇಂತಹ ಕೈಗಳನ್ನು ಸರಿಪಡಿಸಿದ ಪ್ರವರ್ತಕರಲ್ಲಿ ಒಬ್ಬರು. ಗುಣವಾದ ಕೆಲವರು ಮತ್ತೆ ಅವರ ಬಳಿಗೆ ಬಂದರು. ಕೈ ನೆಟ್ಟಗಾದ ಮೇಲೆ ಭಿಕ್ಷೆ ಸಿಗಲಿಲ್ಲ. ರೋಗದ ಹೆಸರಿನಿಂದ ಕೆಲಸವೂ ಸಿಗಲಿಲ್ಲ. ಅದನ್ನು ಕಂಡ ಬ್ರ್ಯಾಂಡ್ ಅವರು ಮರಗೆಲಸ ಮುಂತಾದ ಕಸುಬು ಕಲಿಸುವ ಚಿಕ್ಕ ನೆಲೆಯೊಂದನ್ನು ಅಲ್ಲಿಯೇ ಕಟ್ಟಿದರು. ಕೈಯನ್ನು ವೈದ್ಯರು ಸರಿಪಡಿಸಬಲ್ಲರು, ಬದುಕನ್ನು ಊರೇ ಸರಿಪಡಿಸಬೇಕು ಎಂಬುದು ಇದರ ಪಾಠ.

ಗ್ರಾಮ ಪಂಚಾಯತಿ ಸದಸ್ಯರ ಕರ್ತವ್ಯ ಇಲ್ಲಿ ಆರಂಭವಾಗುತ್ತದೆ. ಔಷಧ ಪೂರೈಸಿದವರಿಂದ ರೋಗ ಹರಡದೆಂಬುದನ್ನು ಗ್ರಾಮಸಭೆಯಲ್ಲಿ ತಿಳಿಸಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಕುಷ್ಠರೋಗದಿಂದ ಗುಣವಾದವರನ್ನೂ ಒಳಗೊಂಡಿದೆ. ಅವರ ಗುರುತಿನ ಚೀಟಿಗೆ ನೆರವಾಗಬೇಕು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮನೆಗೆ ಭೇಟಿ ನೀಡಿ ಅಭ್ಯಾಸವನ್ನು ಗಮನಿಸುವಂತೆ ನೋಡಿಕೊಳ್ಳಬೇಕು. ವೈದ್ಯರು ಒಪ್ಪಿದ ನಂತರ, ಕಾಮಗಾರಿಯ ಸ್ಥಳದಲ್ಲಿ ಮೊದಲು ನೀರು ಕೊಡುವಂತಹ ಹಗುರ ಕೆಲಸವನ್ನು ಒದಗಿಸಬೇಕು.

ಆ ಕೈಯಿಂದ ಊರು ಒಂದು ಲೋಟ ನೀರು ಪಡೆದು ಕುಡಿದ ದಿನವೇ ಚಿಕಿತ್ಸೆ ಪೂರ್ಣವಾಯಿತೆಂದು ತಿಳಿಯಬೇಕು.