ಎಂಟುನೂರರ ಕಾರು, ಕೋಟಿಯ ಕಾರು
(ಭಾಷಣದ ಪಾಠ)



ಕೊಪ್ಪಳ ಸೀಮೆಯಲ್ಲಿ ಕಾರಿನ ಮಾತಿಗೆ ಮೊದಲು ನೆಲದ ಮಾತು ಬರಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿಯಲ್ಲಿ ಭತ್ತ ತುಂಬಿತು, ಅಕ್ಕಿ ಗಿರಣಿಗಳು ಬೆಳೆದವು. ಕುಷ್ಟಗಿಯ ಮಸಾರಿ, ಯಲಬುರ್ಗಾದ ಎರೆ ಬಹುಮಟ್ಟಿಗೆ ಮಳೆಯನ್ನೇ ನಂಬಿವೆ. ಜಿಲ್ಲೆ ಒಂದೇ ಆದರೂ ರೊಕ್ಕ ಓಡಾಡುವ ರೀತಿ ಒಂದೇ ಅಲ್ಲ. ಆದ್ದರಿಂದ ಒಳ್ಳೆಯ ಕಾರು ಯಾವುದೆಂದು ಕೇಳಿದರೆ ಇಲ್ಲಿ ಊರಿಗೊಂದು ಉತ್ತರ ಬರುತ್ತದೆ.

ಬಡ, ಮಧ್ಯಮ ವರ್ಗದ ಕಾರೆಂದರೆ ಮಾರುತಿ 800. ಅದರ ಮೊದಲ ಕಾರು ಗ್ರಾಹಕನ ಕೈ ಸೇರಿದ್ದು 1983ರ ಡಿಸೆಂಬರ್ 14ರಂದು. ಬೆಲೆ ಸುಮಾರು 50,000 ರೂಪಾಯಿ. ಮೂರು ಸಿಲಿಂಡರಿನ 796 ಸಿ.ಸಿ. ಎಂಜಿನ್, 12 ಇಂಚಿನ ಚಕ್ರ, 650 ಕಿಲೊ ಆಸುಪಾಸಿನ ತೂಕ. ಹೊಗೆಯ ಹೊಸ ನಿಯಮದಿಂದಾಗಿ 2010ರ ಏಪ್ರಿಲ್‌ನಲ್ಲಿ ಬೆಂಗಳೂರು ಸೇರಿ 13 ನಗರಗಳಲ್ಲಿ ಮಾರಾಟ ನಿಂತಿತು. ಉಳಿದೆಡೆ ಮುಂದುವರಿದು, 2014ರ ಜನವರಿಯಲ್ಲಿ ತಯಾರಿಕೆಯೇ ಮುಗಿಯಿತು.

ಇನ್ನೊಂದು ತುದಿಯಲ್ಲಿ ಇಂದಿನ ಮರ್ಸಿಡಿಸ್ ಎಸ್-ಕ್ಲಾಸ್ ಇದೆ. ಬೆಲೆ ಒಂದೂವರೆ ಕೋಟಿಗೂ ಮೇಲೆ. ಉದ್ದ 5 ಮೀಟರಿಗೂ ಹೆಚ್ಚು. ತೂಕ ಸುಮಾರು ಎರಡು ಟನ್, ಅಂದರೆ ಮೂರು ಎಂಟುನೂರುಗಳನ್ನು ಒಟ್ಟಿಗೆ ತೂಗಿದಷ್ಟು. ಗಾಳಿ ತುಂಬಿದ ಸಸ್ಪೆನ್ಷನ್ ರಸ್ತೆಯ ಕುಲುಕನ್ನು ತಾನೇ ನುಂಗುತ್ತದೆ.

ಸೌಖ್ಯವನ್ನು ಬದಿಗಿಟ್ಟು ರಿಪೇರಿಯನ್ನು ನೋಡೋಣ. ಹಳೆಯ 800ರಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕೆಲಸ ಕಾರ್ಬುರೇಟರಿನದು. ಅದರ ಸಣ್ಣ ತೂತಿನಲ್ಲಿ ಕಸ ಕಟ್ಟಿದರೆ ರಸ್ತೆಬದಿಯ ಮಿಸ್ತ್ರಿ ಬಿಚ್ಚಿ, ಊದಿ, ಮತ್ತೆ ಕೂಡಿಸುತ್ತಾನೆ. ಅವನ ಕಿವಿಯೇ ಪರೀಕ್ಷಾಯಂತ್ರ. ಇಂದಿನ ಕಾರಿನಲ್ಲಿ ಆ ಕೆಲಸ ಸೆನ್ಸರು, ಕಂಪ್ಯೂಟರುಗಳ ಪಾಲಾಗಿದೆ. ದೋಷ ಹೇಳಲು ತಕ್ಕ ಉಪಕರಣ ಬೇಕು, ಅದನ್ನು ಓದಬಲ್ಲವನೂ ಬೇಕು. ಬೆಳೆಯ ಮೇಲೆ ಸಂಸಾರ ನಡೆಸುವವನಿಗೆ ಕೊಳ್ಳುವ ಬೆಲೆಗಿಂತ ನಡುದಾರಿಯಲ್ಲಿ ನಿಂತ ಗಾಡಿಯ ಖರ್ಚೇ ಭಾರ.

ಹಾಗೆಂದು ಹಳೆಯದೇ ಮೇಲು ಎನ್ನಲಾಗದು. ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್. ಎಸ್-ಕ್ಲಾಸಿಗೆ ಬಂದದ್ದು 1978ರಲ್ಲಿ, ಏರ್‌ಬ್ಯಾಗ್ 1981ರ ಸುಮಾರಿಗೆ. 800ರಲ್ಲಿ ಏರ್‌ಬ್ಯಾಗ್ ಇರಲಿಲ್ಲ. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೂ ಎ.ಬಿ.ಎಸ್. ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಜೀವ ಉಳಿಸುವ ಉಪಾಯ ಸಿರಿವಂತನ ಕಾರಿನಿಂದ ಬಡವನ ಕಾರಿಗೆ ಇಳಿಯಲು ಸುಮಾರು ನಾಲ್ಕು ದಶಕ ಹಿಡಿಯಿತು! ಕುಷ್ಟಗಿಯನ್ನು ಹಾದು ಸೊಲ್ಲಾಪುರ, ಚಿತ್ರದುರ್ಗಗಳನ್ನು ಕೂಡಿಸುವ ಹೆದ್ದಾರಿಯಲ್ಲಿ ಹೇರು ತುಂಬಿದ ಲಾರಿಗಳ ನಡುವೆ ಹಗುರ ಕಾರು ಓಡಿಸುವವರಿಗೆ ಈ ತಡದ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಚರ್ಮದ ಸೀಟು, ಗಾಳಿಯ ಸಸ್ಪೆನ್ಷನ್ ವಿಲಾಸವೆನ್ನಿ, ಒಪ್ಪಬಹುದು. ಪ್ರಾಣರಕ್ಷಣೆಯನ್ನೂ ಅದೇ ಪಟ್ಟಿಗೆ ಸೇರಿಸಿದ್ದು ತಪ್ಪು. ಊರಿನ ಮಿಸ್ತ್ರಿಯ ಕೈಗೆ ಸಿಗುವ ಸರಳತೆ, ಕೋಟಿಯ ಕಾರಿನಷ್ಟೇ ಭದ್ರತೆ, ಇವೆರಡೂ ಒಂದೇ ಗಾಡಿಯಲ್ಲಿ ಕೂಡಿದಾಗ ಯಲಬುರ್ಗಾದ ರೈತನಿಗೂ ಗಂಗಾವತಿಯ ಗಿರಣಿ ಮಾಲೀಕನಿಗೂ ಅದು ಸಮನಾಗಿ ಒಳ್ಳೆಯ ಕಾರು.