ಹಾಡಿನ ಊರು, ಹಾಡುವ ಬಾಯಿ

(ಪುಣೆಯಲ್ಲಿ ನಮ್ಮ ಸಂಘದ ಮಹಿಳಾ ವಿಭಾಗದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಕಳೆದ ರಾಜ್ಯೋತ್ಸವಕ್ಕೆ ಮುನ್ನ ನಮ್ಮ ಗಾಯನ ತಂಡದಲ್ಲಿ ಎದ್ದ ಒಂದು ತಕರಾರಿನಿಂದಲೇ ಮಾತನ್ನು ಆರಂಭಿಸುತ್ತೇನೆ. ನಮ್ಮ ಬೀಸುವ ಪದಗಳ ಜೊತೆಗೆ ಮರಾಠಿ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಹಾಡುವ ಓವಿಗಳನ್ನೂ ಒಂದೆರಡು ಹಾಡೋಣವೆಂದು ನಾನು ಸೂಚಿಸಿದ್ದೆ. ಕನ್ನಡದ ಹಬ್ಬದಲ್ಲಿ ಮರಾಠಿಯೇಕೆ, ಅದಕ್ಕೆ ಈ ಊರಿನಲ್ಲಿ ಬೇರೆ ವೇದಿಕೆಗಳಿಲ್ಲವೇ ಎಂದು ಹಿರಿಯರೊಬ್ಬರು ಕೇಳಿದರು. ಗಡಿ ವಿವಾದದ ಬಿಸಿಯನ್ನು ಬಲ್ಲ ಯಾರೂ ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರರು. ನಾನೂ ತಳ್ಳಿಹಾಕಲಿಲ್ಲ, ಓವಿಗಳನ್ನು ಕೈಬಿಟ್ಟೆವು. ಆದರೆ ಪರರ ಹಾಡನ್ನು ಹಾಡುವುದೆಂದರೆ ಏನು, ಅದನ್ನು ಹಾಡಲು ನಮಗಿರುವ ಅಧಿಕಾರವಾದರೂ ಯಾವುದು ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. ಈ ಕೆಲಸವನ್ನೇ ವ್ರತದಂತೆ ಮಾಡಿಕೊಂಡು ಬಂದಿರುವ ಹೆಂಗಸರ ತಂಡಗಳು ದೂರದ ದೇಶಗಳಲ್ಲಿವೆ. ಅವರ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಕಥೆಯ ಮೂಲ ಬಲ್ಗೇರಿಯದಲ್ಲಿದೆ. ರಾಜಧಾನಿ ಸೋಫಿಯಾದ ಸುತ್ತಲಿನ ಶೋಪ್ ಸೀಮೆಯ ಹಳ್ಳಿಗಳಲ್ಲಿ ಹೆಂಗಸರು ಪೈರು ಕೊಯ್ಯುವಾಗ, ಸಂಜೆ ಕೂಡಿ ನೂಲುವಾಗ ಎರಡು ದನಿಗಳಲ್ಲಿ ಹಾಡುತ್ತಿದ್ದರು. ಒಬ್ಬಳು ರಾಗವನ್ನು ನಡೆಸಿದರೆ ಉಳಿದವರು ಶ್ರುತಿಯಂತೆ ಒಂದೇ ಸ್ವರವನ್ನು ಹಿಡಿದಿರುವರು. ಎರಡು ದನಿಗಳು ಪಕ್ಕಪಕ್ಕದ ಸ್ವರಗಳಲ್ಲಿ, ನಮ್ಮ ಷಡ್ಜ ರಿಷಭಗಳು ಒಟ್ಟಿಗೆ ನುಡಿದಂತೆ, ಒಂದಕ್ಕೊಂದು ಉಜ್ಜಿಕೊಂಡು ನಿಲ್ಲುತ್ತವೆ. ನಮಗೆ ಅಪಸ್ವರವೆನಿಸುವ ಈ ಘರ್ಷಣೆ ಅವರಿಗೆ ಘಂಟಾನಾದದ ಹಾಗೆ ಹಿತ. ಕಂಠವೂ ನಯಗೊಳಿಸಿದ್ದಲ್ಲ, ಎದೆಯಿಂದ ಬರುವ ತೆರೆದ ಕಂಠ. ತಾಳದ ಮಾತು ಬಂದರೆ ನಮಗೆ ಇನ್ನೂ ಹತ್ತಿರ. ಏಳು, ಹನ್ನೊಂದು ಮಾತ್ರೆಗಳ ನಡೆಗಳು ಅಲ್ಲಿ ಸಾಮಾನ್ಯ. ಎರಡು, ಎರಡು, ಮೂರು ಎಂದು ನಡೆಯುವ ಅವರ ರುಚೆನಿತ್ಸಾ ಕುಣಿತವನ್ನು ಕೇಳಿದಾಗ ನನ್ನ ಕೈ ತಾನಾಗಿ ಮಿಶ್ರಚಾಪು ಹಾಕತೊಡಗಿ, ಮೂರು ಕಡೆಗೆ ಬಂದದ್ದರಿಂದ ತಪ್ಪಿತು.

1944ರ ನಂತರ ಬಂದ ಸಮಾಜವಾದಿ ಸರ್ಕಾರ ಈ ಹಾಡುಗಳನ್ನು ರಾಷ್ಟ್ರದ ಆಸ್ತಿಯೆಂದು ಸಾರಿತು. ಸಂಗೀತಕಾರ ಫಿಲಿಪ್ ಕುತೆವ್ ಹಳ್ಳಿಯ ಗಾಯಕಿಯರನ್ನು ಕೂಡಿಸಿ 1951ರಲ್ಲಿ ರಾಜ್ಯ ತಂಡವನ್ನು ಕಟ್ಟಿದರು. ಮರುವರ್ಷ ಬಾನುಲಿಯ ಮಹಿಳಾ ಗಾಯನವೃಂದ ಹುಟ್ಟಿತು. ಒಂದೆರಡು ದನಿಯ ಹಾಡುಗಳು ಹಲವು ದನಿಗಳ ವೃಂದಗಾನಗಳಾದವು. ಹೊಲದಲ್ಲಿ ಹಾಡುವವರಷ್ಟೇ ಇದ್ದರು, ಕೇಳುವವರೆಂಬ ಬೇರೆ ಜನವಿರಲಿಲ್ಲ. ವೇದಿಕೆಯಲ್ಲಿ ನಿರ್ದೇಶಕರು, ಸಮವಸ್ತ್ರ, ಸಭಿಕರು ಎಲ್ಲರೂ ಬಂದರು. ಇದನ್ನು ಲಾಭವೆನ್ನಬೇಕೋ ನಷ್ಟವೆನ್ನಬೇಕೋ ನಾನು ಇನ್ನೂ ತೀರ್ಮಾನಿಸಿಲ್ಲ. ಆ ವೃಂದಗಳಿಲ್ಲದಿದ್ದರೆ ನನ್ನ ಕಿವಿಗೆ ಈ ಹಾಡುಗಳು ತಲುಪುತ್ತಿರಲಿಲ್ಲವೆಂಬುದಂತೂ ನಿಜ.

ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಸೆಲಿಯೇ 1975ರಲ್ಲಿ ‘ಬಲ್ಗೇರಿಯದ ಕಂಠಗಳ ರಹಸ್ಯ’ ಎಂಬರ್ಥದ ಫ್ರೆಂಚ್ ಹೆಸರಿನಲ್ಲಿ ಒಂದು ಧ್ವನಿಮುದ್ರಿಕೆ ಹೊರತಂದರು. 1986ರಲ್ಲಿ ಬ್ರಿಟನ್ನಿನ ಕಂಪನಿಯೊಂದು ಅದನ್ನು ಮತ್ತೆ ಹೊರಡಿಸಿದ ಮೇಲೆ ಅದು ಲೋಕಪ್ರಸಿದ್ಧವಾಯಿತು. ಎರಡನೆಯ ಸಂಪುಟಕ್ಕೆ 1990ರಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಆದರೆ ಆ ‘ರಹಸ್ಯ’ವೆಂಬ ಶಬ್ದ ನನಗೆ ಮುಳ್ಳಿನಂತೆ ಚುಚ್ಚುತ್ತದೆ. ಯಾರಿಗೆ ರಹಸ್ಯ? ಕುಡುಗೋಲು ಹಿಡಿದು ಹಾಡಿದವಳಿಗಂತೂ ಅಲ್ಲ. ಹಾಡಿದವಳ ಹೆಸರು, ಅವಳ ಊರು, ಅವಳ ಕೆಲಸ ಇವನ್ನು ಹೇಳದೆ ಬಿಟ್ಟಾಗ ಯಾವ ಹಾಡಾದರೂ ರಹಸ್ಯವಾಗಿಯೇ ತೋರೀತು.

ಇದಕ್ಕೆ ಎದುರಾಗಿ ಅಮೆರಿಕದ ಕೆಲವು ಹೆಂಗಸರ ನಡೆಯನ್ನು ನೋಡಿ. 1960ರ ದಶಕದಲ್ಲಿ ನ್ಯೂಯಾರ್ಕಿನ ಏಳು ಮಂದಿ ‘ಪೆನ್ನಿವಿಸ್ಲರ್ಸ್’ ಎಂಬ ತಂಡವಾಗಿ ಪೂರ್ವ ಯೂರೋಪಿನ ಹಲವು ಭಾಷೆಗಳ ಹಾಡುಗಳನ್ನು ಹಾಡುತ್ತಿದ್ದರು. ಅವರ ನಾಯಕಿ ಎಥೆಲ್ ರೈಮ್ ಹಾಡಿಗೆ ತೃಪ್ತರಾಗದೆ ಮಾರ್ಟಿನ್ ಕೋನಿಗ್ ಅವರೊಡನೆ ಬಲ್ಗೇರಿಯದ ಹಳ್ಳಿಗಳಲ್ಲಿ ಧ್ವನಿಮುದ್ರಣ ಮಾಡಿಕೊಂಡು ಬಂದರು. ಆ ಸಂಗ್ರಹದಿಂದ ಆಯ್ದ ವಾಲ್ಯಾ ಬಾಲ್ಕಾನ್ಸ್ಕಾ ಅವರ ಹಾಡೊಂದು 1977ರಲ್ಲಿ ವಾಯೇಜರ್ ನೌಕೆಗಳ ಚಿನ್ನದ ತಟ್ಟೆಯೇರಿ ಅಂತರಿಕ್ಷಕ್ಕೆ ಹೋಯಿತು. ನಮ್ಮ ಕೇಸರಬಾಯಿ ಕೇರ್ಕರರ ಭೈರವಿಯೂ ಅದೇ ತಟ್ಟೆಯಲ್ಲಿದೆ. 1979ರಲ್ಲಿ ಎರಡು ತಂಡಗಳು ಹುಟ್ಟಿದವು: ಓಕ್‌ಲ್ಯಾಂಡಿನಲ್ಲಿ ‘ಕಿತ್ಕಾ’, ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ‘ಲಿಬಾನಾ’. ಕಿತ್ಕಾ ಎಂದರೆ ಬಲ್ಗೇರಿಯನ್ ಭಾಷೆಯಲ್ಲಿ ಹೂಗುಚ್ಛ. ಲಿಬಾನಾ ಎಂಬುದು ಹತ್ತನೆಯ ಶತಮಾನದ ಸ್ಪೇನಿನ ಮುಸ್ಲಿಂ ವಿದುಷಿಯೊಬ್ಬಳ ಹೆಸರು. ಕಿತ್ಕಾದವರು ಉಕ್ರೇನಿನ ಮರಿಯಾನಾ ಸಾದೋವ್ಸ್ಕಾ ಅವರೊಡನೆ ಆ ದೇಶದ ಹಳ್ಳಿಗಳಿಗೆ ಹೋಗಿ, ಅಕಾಲದಲ್ಲಿ ಸತ್ತ ಹೆಣ್ಣುಗಳ ಆತ್ಮಗಳನ್ನು ಕುರಿತ ರುಸಾಲ್ಕಾ ಹಾಡುಗಳನ್ನು ಮುದುಕಿಯರಿಂದಲೇ ಕಲಿತರು. ಅರ್ಥ ಕೇಳಿದರು, ಉಚ್ಚಾರ ತಿದ್ದಿಸಿಕೊಂಡರು, ತಮ್ಮ ನಯವಾದ ದನಿಯನ್ನು ಮರೆತು ಎದೆಯ ದನಿಯನ್ನು ಹೊಸದಾಗಿ ಸಾಧಿಸಿದರು.

ಪರರ ಹಾಡಿಗೆ ಅವರು ಪಟ್ಟ ಈ ಶ್ರಮವನ್ನು ನಮ್ಮ ಹಾಡಿಗೆ ನಾವು ಪಟ್ಟಿದ್ದೇವೆಯೇ? ನಮ್ಮ ತಂಡದ ಹುಡುಗಿಯರು ಬೀಸುವ ಪದವನ್ನು ದೇವನಾಗರಿಯಲ್ಲಿ ಬರೆದುಕೊಂಡು, ಸಿನಿಮಾ ಹಾಡಿನ ಇಂಪಿನಲ್ಲಿ, ಹಾರ್ಮೋನಿಯಂ ಜೊತೆಗೆ ಹಾಡುತ್ತಾರೆ. ತಪ್ಪು ಅವರದಲ್ಲ. ಕಲ್ಲಿನ ಒಂದು ಸುತ್ತಿಗೂ ತ್ರಿಪದಿಯ ಉಸಿರಿಗೂ ಇರುವ ನಂಟನ್ನು ನಾವು ಅವರಿಗೆ ತೋರಿಸಲಿಲ್ಲ. ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದ್ದು 1931ರಲ್ಲಿ. ನಾವು ಆ ಪುಸ್ತಕದಿಂದ ಹಾಡು ಆರಿಸುತ್ತೇವೆ, ನಮ್ಮ ಮನೆಯ ಮುದುಕಿಯರನ್ನು ಕೇಳುವುದಿಲ್ಲ.

ಆ ಹಲಸಂಗಿಯ ಸೀಮೆಯೇ ನನ್ನ ತವರು. ಭೀಮೆಯ ಆಚೆ ದಡ ಸೊಲ್ಲಾಪುರ ಜಿಲ್ಲೆ. ನಸುಕಿನಲ್ಲಿ ನಮ್ಮ ಅವ್ವ ಬೀಸುವಾಗ ಎದುರು ಕೂತು ಗೂಟಕ್ಕೆ ಕೈ ಹಚ್ಚುತ್ತಿದ್ದ ನೆರೆಮನೆಯ ಕಾಕೂ ಆ ದಡದಿಂದ ಸೊಸೆಯಾಗಿ ಬಂದವಳು. ಅವ್ವ ಕನ್ನಡದಲ್ಲಿ ಒಂದು ತ್ರಿಪದಿ ಹೇಳಿದರೆ ಕಾಕೂ ಮರಾಠಿಯಲ್ಲಿ ಒಂದು ಓವಿ ಹೇಳುವಳು. ಪಂಢರಪುರದ ವಿಠ್ಠಲ ಇಬ್ಬರ ಹಾಡಿನಲ್ಲೂ ಬರುತ್ತಿದ್ದ. ಹಿಟ್ಟು ಒಂದೇ ಪುಟ್ಟಿಗೆ ಬೀಳುತ್ತಿತ್ತು. ಅದು ಭಾಷಾಸೌಹಾರ್ದವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಈ ಪುಣೆಯಲ್ಲಿಯೇ ಹೇಮಾ ರಾಯರ್ಕರ್ ಮತ್ತು ಗೀ ಪೊಯಿತವಾಂ ಅವರು ಮಹಾರಾಷ್ಟ್ರದ ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮಿಕ್ಕಿದ ಬೀಸುವ ಪದಗಳನ್ನು ಕೂಡಿಸುವ ಕೆಲಸಕ್ಕೆ ಮುಂದಾಳುಗಳಾಗಿದ್ದರು. 2017ರಿಂದ ಅವು ‘ಪರಿ’ ಸಂಸ್ಥೆಯ ಮೂಲಕ ಎಲ್ಲರಿಗೂ ದೊರೆಯುತ್ತಿವೆ. ಹಾಡಿದವಳ ಹೆಸರು, ಊರು ಹಾಡಿನ ಜೊತೆಗೇ ಇರುತ್ತವೆ. ನಮ್ಮಲ್ಲಿ ಅಂಥದೊಂದು ವಹಿ ಕೂಡ ಇಲ್ಲ.

ಆದುದರಿಂದ ಬರುವ ರಾಜ್ಯೋತ್ಸವಕ್ಕೆ ಓವಿಯ ಸೂಚನೆಯನ್ನು ಮತ್ತೆ ಸಭೆಯ ಮುಂದಿಡುತ್ತೇನೆ, ಈ ಸಲ ಎರಡು ಷರತ್ತುಗಳೊಡನೆ. ಓವಿಯನ್ನು ಈ ಊರಿನ ಸುತ್ತಲಿನ ಹಳ್ಳಿಯ ಹೆಣ್ಣುಮಗಳೊಬ್ಬಳ ಎದುರು ಕೂತು ಕಲಿತು, ಅವಳ ಹೆಸರು ಹೇಳಿ ಹಾಡಬೇಕು. ಅದಕ್ಕೂ ಮೊದಲು ನಮ್ಮ ತಂಡದ ಪ್ರತಿಯೊಬ್ಬಳೂ ತನ್ನ ಮನೆಯ ಅಥವಾ ಬಳಗದ ಹಿರಿಯಳಿಂದ ಒಂದಾದರೂ ಕನ್ನಡದ ಪದವನ್ನು ಹೆಸರು, ಊರುಗಳ ಸಮೇತ ಬರೆದು ತರಬೇಕು. ವಹಿಯ ಮೊದಲ ಪುಟದಲ್ಲಿ ಅವ್ವನ ಎರಡು ಪದಗಳನ್ನು ಬರೆದಿದ್ದೇನೆ. ಕಾಕೂ ಹೇಳುತ್ತಿದ್ದ ಓವಿಗಳಲ್ಲಿ ಒಂದೂ ನನಗೆ ಪೂರ್ತಿ ನೆನಪಿಲ್ಲ; ಅವಳ ಮೊಮ್ಮಗಳು ಹಡಪಸರದಲ್ಲಿದ್ದಾಳೆ, ಮುಂದಿನ ವಾರ ಹೋಗಿ ಕೇಳುತ್ತೇನೆ.