ಸೇತುವೆಯಾಚೆಯ ಸಹಪಾಠಿಗಳು

(ಹಾರಂಗಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ಹೊರದೇಶಕ್ಕೆ ಹೋಗಿ ಓದುವ ಆಸೆ ಎಷ್ಟು ಮಂದಿಗಿದೆ ಎಂದು ಈಗಷ್ಟೇ ಕೇಳಿದೆ. ಹೆಚ್ಚುಕಡಿಮೆ ಎಲ್ಲರೂ ಕೈ ಎತ್ತಿದಿರಿ. ಬೈಲಕುಪ್ಪೆಯಲ್ಲಿ ಓದುತ್ತಿರುವ ಒಬ್ಬನನ್ನಾದರೂ ಹೆಸರು ಹಿಡಿದು ಬಲ್ಲಿರಾ ಎಂದಾಗ ಎದ್ದದ್ದು ಎರಡೇ ಕೈ.

ಈ ಹಾರಂಗಿ ಹೊಳೆ ಕೂಡಿಗೆಯಲ್ಲಿ ಕಾವೇರಿಗೆ ಸೇರುತ್ತದೆ. ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಬೈಲಕುಪ್ಪೆ ಅಲ್ಲಿಂದ ಕೆಲವೇ ಕಿಲೋಮೀಟರು. 1959ರ ನಂತರ ನೆಲೆ ಕಳೆದುಕೊಂಡು ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ರಾಜ್ಯ ಅಲ್ಲಿ ಸುಮಾರು 3,000 ಎಕರೆ ನೆಲ ಬಿಟ್ಟುಕೊಟ್ಟಿತು. ಲ್ಹಾಸಾದ ಹತ್ತಿರ 1419ರಲ್ಲಿ ಆರಂಭವಾದ ಸೆರಾ ವಿದ್ಯಾಮಠದ ಭಿಕ್ಷುಗಳು ಮೊದಲು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಕಾಲದ ಸೆರೆಮನೆಯೊಂದರಲ್ಲಿ ಪಾಠ ಮುಂದುವರಿಸಿದರು. 1970ರ ಸುಮಾರಿಗೆ ಇಲ್ಲಿಗೆ ಬಂದರು. ನಾವು ‘ಗೋಲ್ಡನ್ ಟೆಂಪಲ್’ ಎನ್ನುವ ನಾಮ್‌ಡ್ರೋಲಿಂಗ್ ಮಠ 1963ರಷ್ಟು ಹಳೆಯದು. ಲಡಾಖ್, ಅರುಣಾಚಲ, ನೇಪಾಳ, ಭೂತಾನಗಳ ಹುಡುಗರು ಓದಲು ಬರುವುದು ಇಲ್ಲಿಗೇ.

ಅವರ ಓದಿನ ಕ್ರಮ ನೋಡುವಂಥದು. ಅಂಗಳದಲ್ಲಿ ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತಿರುತ್ತಾನೆ. ನಿಂತವನು ಪ್ರಶ್ನೆ ಹಾಕಿ, ಕಾಲನ್ನು ನೆಲಕ್ಕಪ್ಪಳಿಸಿ, ಪಟ್ಟನೆ ಚಪ್ಪಾಳೆ ತಟ್ಟುತ್ತಾನೆ. ಕೂತವನು ಥಟ್ಟನೆ ಉತ್ತರಿಸಬೇಕು; ಹಿಂದೆ ಒಪ್ಪಿಕೊಂಡ ಮಾತಿಗೆ ವಿರುದ್ಧವಾಗಿ ನುಡಿದರೆ ಸಿಕ್ಕಿಬಿದ್ದ. ದೂರದಿಂದ ನೋಡಿದವರಿಗೆ ಜಗಳ ಎನ್ನಿಸಬೇಕು! ಗೆಶೆ ಪದವಿಗೆ ಹೀಗೆ ಹದಿನೈದು–ಇಪ್ಪತ್ತು ವರ್ಷ ವಾದಿಸಬೇಕು. ನಮ್ಮ ಪರೀಕ್ಷೆಗಳನ್ನು ನೆನೆದು ನನಗೆ ಸ್ವಲ್ಪ ನಾಚಿಕೆಯಾಗುತ್ತದೆ.

ವಿಶೇಷವೆಂದರೆ ಈ ತರ್ಕ ನಮ್ಮ ನೆಲದ್ದೇ. ಅವರು ಓದುವುದು ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’. ಎಂಟನೆಯ ಶತಮಾನದಲ್ಲಿ ಶಾಂತರಕ್ಷಿತ, ಕಮಲಶೀಲರಂಥ ಪಂಡಿತರು ಹಿಮಾಲಯ ದಾಟಿ ಟಿಬೆಟ್ಟಿಗೆ ಒಯ್ದ ವಿದ್ಯೆ ಅದು. ಸಂಸ್ಕೃತದಲ್ಲಿ ಕಳೆದುಹೋದ ಎಷ್ಟೋ ಗ್ರಂಥಗಳು ಟಿಬೆಟನ್ ಅನುವಾದದಲ್ಲಿ ಉಳಿದವು. ಸಾವಿರದ ಇನ್ನೂರು ವರ್ಷಗಳ ಮೇಲೆ ಆ ವಿದ್ಯೆ ಕಾವೇರಿಯ ದಡಕ್ಕೆ ಬಂದಿದೆ. 2014ರಿಂದ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ ಸೆರಾದ ಪಾಠಪಟ್ಟಿಗೆ ಆಧುನಿಕ ವಿಜ್ಞಾನವೂ ಸೇರಿದೆ. ಜಾರ್ಜಿಯಾದ ಪ್ರಾಧ್ಯಾಪಕರು ಇಲ್ಲಿಗೆ ಬರುತ್ತಾರೆ. ಕುಶಾಲನಗರದ ನಾವು ಹೋಗುವುದು ಮೋಮೊ ತಿನ್ನಲು, ಬಂಗಾರದ ಬುದ್ಧನೆದುರು ಫೋಟೊ ತೆಗೆಸಿಕೊಳ್ಳಲು.

ಇನ್ನೊಂದು ಮಾತು. ನೀವು ಕನಸು ಕಾಣುವ ಪ್ರಯಾಣಕ್ಕೆ ಹಿಂದಿರುಗುವ ಟಿಕೆಟ್ಟಿರುತ್ತದೆ. ಟಿಬೆಟ್ಟಿನಿಂದ ಚಿಕ್ಕಂದಿನಲ್ಲೇ ಬಂದ ಎಷ್ಟೋ ಮಂದಿಗೆ ಅದಿಲ್ಲ. ತಾಯಿಯ ಮುಖ ನೋಡದೆ ವರ್ಷಗಟ್ಟಲೆ ಓದಿದವರಿದ್ದಾರೆ. ಅಂಥವರು ಸಂತೆಯಲ್ಲಿ ನಮ್ಮೊಡನೆ ಕನ್ನಡ ಆಡುತ್ತಾರೆ. ನಮಗೆ ‘ತಾಶಿ ದೆಲೆ’ ಬಿಟ್ಟರೆ ಅವರ ಎರಡನೆಯ ಮಾತು ಗೊತ್ತಿಲ್ಲ.

ನಾಳೆ ಶಿಬಿರದ ಬಸ್ಸು ಅಲ್ಲಿಗೆ ಹೊರಡುತ್ತದೆ. ಆ ಎರಡು ಕೈ ಎತ್ತಿದವರು ಮುಂದಿನ ಸೀಟಿನಲ್ಲಿ ಕೂರಲಿ, ತಮ್ಮ ಗೆಳೆಯರನ್ನು ನಮಗೆ ಪರಿಚಯಿಸಲಿ. ಉಳಿದವರು ಕೇಳಲು ಒಂದೊಂದು ಪ್ರಶ್ನೆ ಬರೆದುಕೊಂಡು ಬನ್ನಿ.